ಸಾಲ್ಟ್ ಸ್ಪ್ರೇಯಲ್ಲಿ ಪಾಸು, ಬಾಗಿಸಿದರೆ?

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರಕ್ಕೆ ಕಿಲುಬು. ಮೆಗ್ನೀಸಿಯಂಗೆ ಹಿಡಿಯುವುದನ್ನು ನಮ್ಮ ಶಾಪಿನಲ್ಲಿ 'ಬಿಳಿ ಪುಡಿ' ಅಂತೀವಿ, ಅಷ್ಟೆ.

ಅದನ್ನು ತಡೆಯಲು ಮೆಗ್ನೀಸಿಯಂ ಭಾಗಗಳಿಗೆ ಲೇಪನ ಮಾಡಿಸಲು ಬಂದವರು ಮೊದಲು ಕೇಳುವುದು, ಸಾಲ್ಟ್ ಸ್ಪ್ರೇ ಪರೀಕ್ಷೆಯಲ್ಲಿ ಎಷ್ಟು ಗಂಟೆ ತಡೆಯುತ್ತೆ ಅಂತ. 35 ಡಿಗ್ರಿಯ ಪೆಟ್ಟಿಗೆ, ಶೇ 5ರ ಉಪ್ಪುನೀರಿನ ಮಂಜು, ಒಳಗೆ ಯಾವ ಭಾರವೂ ಇಲ್ಲದೆ ಒರಗಿ ಕೂತ ತಗಡು. ಗಾಡಿಯಲ್ಲಿ ಕೂರುವ ಭಾಗಕ್ಕೆ ಆ ಸುಖ ಎಲ್ಲಿದೆ?

ಒಮ್ಮೆ ಎಜೆಡ್31 ಎಂಬ ಮೆಗ್ನೀಸಿಯಂ ಮಿಶ್ರಲೋಹದ ಎರಡು ಪಟ್ಟಿಗಳಿಗೆ ಒಂದೇ ತೊಟ್ಟಿಯಲ್ಲಿ ಮೈಕ್ರೋ ಆರ್ಕ್ ಆಕ್ಸಿಡೇಶನ್ ಮಾಡಿದೆ, ಅಂದರೆ ದ್ರಾವಣದಲ್ಲಿ ವಿದ್ಯುತ್ ಕಿಡಿ ಹಾಯಿಸಿ ಲೋಹದ ಮೈಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದು. ಒಂದನ್ನು ನೇರವಾಗಿಯೇ ಬಿಟ್ಟು, ಇನ್ನೊಂದನ್ನು ಪ್ಲಾಸ್ಟಿಕ್ ಹಿಡಿಕೆಯಲ್ಲಿ ಕಮಾನಿನಂತೆ ಬಾಗಿಸಿ, ಎರಡನ್ನೂ ಉಪ್ಪುನೀರಿಗೆ ಇಳಿಸಿದೆ. ನೇರ ಪಟ್ಟಿ ತೆಪ್ಪಗಿತ್ತು. ಬಾಗಿದ ಪಟ್ಟಿಯ ಬೆನ್ನ ಮೇಲೆ ಸ್ವಲ್ಪ ಹೊತ್ತಿಗೇ ಗುಳ್ಳೆಗಳು ಎದ್ದವು. ಚೆಲ್ಲಾಪಿಲ್ಲಿಯಾಗಿ ಅಲ್ಲ, ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಸಾಲಾಗಿ. ಬರಿಗಣ್ಣಿಗೆ ಕಾಣದ ಬಿರುಕನ್ನು ಗುಳ್ಳೆಗಳೇ ಗೆರೆ ಎಳೆದು ತೋರಿಸಿದವು.

ಅದು ಹೈಡ್ರೋಜನ್. ಒಂದು ಗ್ರಾಂ ಮೆಗ್ನೀಸಿಯಂ ಕರಗಿದರೆ ಸುಮಾರು ಒಂದು ಲೀಟರ್ ಹೊರಡುತ್ತದೆ. ಎಲ್ಲವೂ ಹೊರಗೇ ಹೋದರೆ ಚಿಂತೆಯಿಲ್ಲ. ಒಂದಿಷ್ಟು ಲೋಹದೊಳಗೆ ಇಳಿದು, ಬಿರುಕಿನ ತುದಿಯನ್ನು ಪೆಡಸು ಮಾಡುತ್ತದೆ. ಎಳೆತ ಮುಂದುವರಿದಷ್ಟೂ ಬಿರುಕು ಬಾಯಿಬಿಡುತ್ತದೆ, ಹೊಸ ಲೋಹ ನೀರಿಗೆ ಸಿಗುತ್ತದೆ.

ಇನ್ನೊಂದು ಲೆಕ್ಕ ಹಲವರು ಮರೆಯುತ್ತಾರೆ. ಉಕ್ಕಿನ ಬಿಗುಪು, ಅಂದರೆ ಎಳೆದರೆ ಹಿಗ್ಗದೆ ತಡೆಯುವ ಗುಣ, ಸುಮಾರು 200 ಗಿಗಾಪಾಸ್ಕಲ್, ಮೆಗ್ನೀಸಿಯಂದು 45. ಅಷ್ಟೇ ದಪ್ಪದ ಭಾಗಕ್ಕೆ ಅಷ್ಟೇ ಭಾರ ಹಾಕಿದರೆ ಮೆಗ್ನೀಸಿಯಂ ನಾಲ್ಕು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಮೇಲೆ ಕೂತದ್ದು ಪಿಂಗಾಣಿಯಂಥ ಪದರ. ಅದಕ್ಕೆ ಹಿಗ್ಗುವ ಅಭ್ಯಾಸವಿಲ್ಲ.

'ಇನ್ನೂ ದಪ್ಪ ಹಾಕಿ ಸಾರ್' ಎಂಬುದು ಇದಕ್ಕೆ ಮದ್ದಲ್ಲ. ದಪ್ಪ ಪದರದಲ್ಲಿ ರಂಧ್ರಗಳೂ ದೊಡ್ಡವು, ಬಿರುಕೂ ಬೇಗ. ತೆಳುವಾದ ಪದರ ಬೆಳೆಸಿ, ರಂಧ್ರಗಳನ್ನು ಎಪಾಕ್ಸಿಯಿಂದಲೋ ಸೋಲ್-ಜೆಲ್‌ನಿಂದಲೋ (ದ್ರವವಾಗಿ ಹಚ್ಚಿದ್ದು ಒಣಗಿ ಗಟ್ಟಿ ಪದರವಾಗುವಂಥದ್ದು) ಮುಚ್ಚಿ, ಮೇಲೆ ಬಾಗಬಲ್ಲ ಬಣ್ಣ ಕೊಡುವುದು ನನ್ನ ರೂಢಿ. ಭಾರ ಪದೇ ಪದೇ ಬೀಳುವ ಭಾಗವಾದರೆ ಲೇಪನಕ್ಕೆ ಮೊದಲೇ ಶಾಟ್ ಪೀನಿಂಗ್ (ಸಣ್ಣ ಗುಂಡುಗಳನ್ನು ರಭಸದಿಂದ ಮೈಗೆ ಹೊಡೆಯುವುದು) ಮಾಡಿಸಿ, ಮೇಲ್ಮೈ ಒತ್ತಡದಲ್ಲಿ ಬಿಗಿದು ಕೂರಲಿ. ಆದರೆ ಗಾಜಿನ ಅಥವಾ ಸೆರಾಮಿಕ್ ಮಣಿಗಳಿಂದಲೇ. ಉಕ್ಕಿನ ಗುಂಡು ಹೊಡೆದರೆ ಕಬ್ಬಿಣದ ಕಣ ಮೈಯಲ್ಲೇ ಉಳಿದು, ಲೇಪನದಡಿ ಒಂದೊಂದೂ ಸುತ್ತಲಿನ ಮೆಗ್ನೀಸಿಯಂ ಕರಗಿಸುವ ಪುಟ್ಟ ಬ್ಯಾಟರಿಯಾಗುತ್ತದೆ. ಎಜೆಡ್91ಡಿ ಎಂಬ ಇನ್ನೊಂದು ಮೆಗ್ನೀಸಿಯಂ ಮಿಶ್ರಲೋಹದಲ್ಲಿ ಕಬ್ಬಿಣ ಶೇ 0.005 ದಾಟಬಾರದೆಂಬ ಮಿತಿ ಇರುವುದೂ ಇದೇ ಭಯಕ್ಕೆ.

ಪರೀಕ್ಷೆ ಮಾಡುವುದಾದರೆ ಉಪ್ಪುನೀರಿನಲ್ಲೇ ನಿಧಾನವಾಗಿ ಎಳೆದು ನೋಡಬೇಕು. ಸೆಕೆಂಡಿಗೆ ಉದ್ದದ ಹತ್ತು ಲಕ್ಷದಲ್ಲೊಂದು ಪಾಲಿನಂತೆ ಎಳೆದರೆ ಶೇ 10 ಹಿಗ್ಗಲು 28 ಗಂಟೆ ಬೇಕು. ಗಿರಾಕಿ ಸಂಜೆಯೇ ರಿಪೋರ್ಟ್ ಕೇಳುತ್ತಾನೆ.