ಅಡಿಕೆ ಸಿಪ್ಪೆ ಬಿಟ್ಟಿ, ನ್ಯಾನೋಸೆಲ್ಯುಲೋಸ್ ಏಕೆ ದುಬಾರಿ?

ಪ್ರಶ್ನೆ: ಅಡಿಕೆ ಸಿಪ್ಪೆ ನಮ್ಮೂರಿನ ರಸ್ತೆ ಬದಿಯಲ್ಲೇ ರಾಶಿ ಬಿದ್ದಿರುತ್ತದೆ. ಅದರಿಂದ ನ್ಯಾನೋಸೆಲ್ಯುಲೋಸ್ ತಯಾರಿಸಬಹುದೆಂದು ಓದಿದ್ದೇನೆ. ಕಚ್ಚಾವಸ್ತು ಬಿಟ್ಟಿ ಸಿಗುವಾಗ ಈ ಪದಾರ್ಥಕ್ಕೆ ಅಷ್ಟೊಂದು ಬೆಲೆ ಏಕೆ?

ಉತ್ತರ: ಖರ್ಚೆಲ್ಲ ಇರುವುದು ಸಿಪ್ಪೆಯನ್ನು ಸೀಳುವುದರಲ್ಲಿ ಮತ್ತು ನೀರನ್ನು ಹೊರುವುದರಲ್ಲಿ.

ಸಸ್ಯದ ನಾರಿನಿಂದ, ಎಳೆಗಳನ್ನು ಅಂಟಿಸಿ ಹಿಡಿದಿಡುವ ಲಿಗ್ನಿನ್ ತೆಗೆದು, ಉಳಿದ ಸೆಲ್ಯುಲೋಸ್ ತಿರುಳನ್ನು ಕೆಲವೇ ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್) ದಪ್ಪದ ಎಳೆಗಳಾಗುವವರೆಗೆ ಬಿಡಿಸಬೇಕು; ಈ ಎಳೆಗಳೇ ನ್ಯಾನೋಸೆಲ್ಯುಲೋಸ್. 1970ರ ದಶಕದ ಕೊನೆಯಲ್ಲಿ ಅಮೆರಿಕದ ಐಟಿಟಿ ರೇಯಾನಿಯರ್ ಪ್ರಯೋಗಾಲಯದಲ್ಲಿ ಟರ್ಬಾಕ್ ಮತ್ತು ಸಂಗಡಿಗರು ಹಾಲಿನ ಡೇರಿಯಲ್ಲಿರುವಂಥ ಹೋಮೊಜಿನೈಸರ್‌ನಲ್ಲಿ (ದ್ರವವನ್ನು ಭಾರಿ ಒತ್ತಡದಿಂದ ಕಿರಿದಾದ ಸಂದಿಯ ಮೂಲಕ ನುಗ್ಗಿಸುವ ಯಂತ್ರ) ತಿರುಳನ್ನು ಮತ್ತೆ ಮತ್ತೆ ಹಾಯಿಸಿ ಇದನ್ನು ಸಾಧಿಸಿದರು. ಆದರೆ ಈ ದಾರಿಯಲ್ಲಿ ಟನ್ನಿಗೆ 27,000 ಯೂನಿಟ್‌ವರೆಗೂ ವಿದ್ಯುತ್ ಬೇಕಾಗುತ್ತಿತ್ತು. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೂ, ಕರೆಂಟ್ ಬಿಲ್ ಒಂದೇ ಕಿಲೋಗೆ 189 ರೂಪಾಯಿ ಆಯಿತು. ಮುಂದೆ ತಿರುಳನ್ನು ಮೊದಲು ಕಿಣ್ವಗಳಿಂದ ಸಡಿಲಗೊಳಿಸುವ ಕ್ರಮ ಬಂದು, ಈ ಬಳಕೆ ಟನ್ನಿಗೆ ಒಂದೆರಡು ಸಾವಿರ ಯೂನಿಟ್‌ಗೆ ಇಳಿಯಿತು. ಟೋಕಿಯೊ ವಿಶ್ವವಿದ್ಯಾಲಯದ ಅಕಿರಾ ಇಸೊಗಾಯಿ ಮತ್ತು ಸಹೋದ್ಯೋಗಿಗಳು ಟೆಂಪೊ ಎಂಬ ವೇಗವರ್ಧಕದಿಂದ ಎಳೆಗಳ ಮೇಲೆ ಋಣ ವಿದ್ಯುದಂಶ ಮೂಡಿಸಿ, ಅವು ಒಂದನ್ನೊಂದು ತಾವೇ ದೂಡಿಕೊಳ್ಳುವಂತೆ ಮಾಡಿದರು. ಆ ಕೆಲಸಕ್ಕೆ 2015ರ ಮಾರ್ಕಸ್ ವಾಲೆನ್‌ಬರ್ಗ್ ಪ್ರಶಸ್ತಿ ಬಂದಿತು. ಇಲ್ಲಿ ಕರೆಂಟಿನ ಖರ್ಚು ಇಳಿಯಿತಾದರೂ ರಾಸಾಯನಿಕಗಳ ಖರ್ಚು ಸೇರಿಕೊಂಡಿತು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮೊಂಡು ಸಮಸ್ಯೆ ನೀರಿನದು. ಕೈಗೆ ಸಿಗುವ ಪದಾರ್ಥ ಬೆಳ್ಳನೆಯ ಗಂಜಿಯಂತಿರುತ್ತದೆ. ಲೋಟವನ್ನು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ, ಆದರೆ ಅದರಲ್ಲಿ ಸೆಲ್ಯುಲೋಸ್ ಇರುವುದು ಶೇ. 2ರಷ್ಟು ಮಾತ್ರ. ಅಂದರೆ ಒಂದು ಕಿಲೋ ಸರಕು ಕಳುಹಿಸಲು ಲಾರಿಯಲ್ಲಿ 49 ಕಿಲೋ ನೀರನ್ನೂ ಹೇರಬೇಕು. ಒಣಗಿಸಿ ಕಳುಹಿಸೋಣವೆಂದರೆ ಎಳೆಗಳು ಪರಸ್ಪರ ಬೆಸೆದುಕೊಂಡು, ಮತ್ತೆ ನೆನೆಸಿದರೂ ಪೂರ್ತಿಯಾಗಿ ಬಿಡಿಸಿಕೊಳ್ಳುವುದಿಲ್ಲ.

ಆದ್ದರಿಂದಲೇ ಇದು ಮೊದಲು ನೆಲೆ ಕಂಡದ್ದು ಚಿಟಿಕೆಯಷ್ಟು ಹಾಕಿದರೆ ಸಾಕಾಗುವ ಕಡೆಗಳಲ್ಲಿ. ಜಪಾನಿನ ಮಿತ್ಸುಬಿಷಿ ಪೆನ್ಸಿಲ್ ಕಂಪನಿ (ಕಾರಿನ ಮಿತ್ಸುಬಿಷಿಗೂ ಇದಕ್ಕೂ ಸಂಬಂಧವಿಲ್ಲ) ಇದನ್ನು ಜೆಲ್ ಪೆನ್ನಿನ ಶಾಯಿಗೆ ಬೆರೆಸಿತು: ಪೆನ್ನು ಸುಮ್ಮನಿರುವಾಗ ಶಾಯಿ ಗಟ್ಟಿಯಾಗಿ ನಿಲ್ಲುತ್ತದೆ, ತುದಿಯ ಗುಂಡು ಉರುಳಿದೊಡನೆ ತೆಳುವಾಗಿ ಹರಿಯುತ್ತದೆ. ಇನ್ನೊಂದು ಜಾಣ ದಾರಿ ಎಂದರೆ ಕಾಗದದ ಗಿರಣಿಯ ಆವರಣದಲ್ಲೇ ಇದನ್ನು ತಯಾರಿಸಿ, ಒಣಗಿಸುವ ಗೋಜಿಲ್ಲದೆ ನೇರವಾಗಿ ಕಾಗದದ ತಿರುಳಿಗೆ ಬೆರೆಸುವುದು.

ಇನ್ನು ಬಿಟ್ಟಿ ಎಂಬ ಮಾತಿನ ಬಗ್ಗೆಯೂ ಸ್ವಲ್ಪ ಎಚ್ಚರ ಬೇಕು. ಕಬ್ಬಿನ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಗಳು ಬಾಯ್ಲರ್‌ಗೆ ಹಾಕಿ ವಿದ್ಯುತ್ ಉತ್ಪಾದಿಸುವುದರಿಂದ ಅದಕ್ಕೆ ಈಗಾಗಲೇ ಬೆಲೆ ಬಂದಿದೆ. ಅಡಿಕೆ ಸಿಪ್ಪೆಗೆ ಅಷ್ಟು ಪೈಪೋಟಿ ಇಲ್ಲ, ಆದರೆ ಅದು ಊರೂರಿನ ಮನೆಯಂಗಳಗಳಲ್ಲಿ ಚದುರಿ ಬಿದ್ದಿರುತ್ತದೆ ಮತ್ತು ಅದನ್ನು ಒಟ್ಟುಗೂಡಿಸಿ ಸಾಗಿಸುವ ಬಾಡಿಗೆ ಕಡಿಮೆಯದ್ದಲ್ಲ. ನೀವು ಇದನ್ನು ಉದ್ಯಮವಾಗಿ ಯೋಚಿಸುತ್ತಿದ್ದರೆ ಯಂತ್ರದ ದರಪಟ್ಟಿ ತರಿಸುವುದಕ್ಕೂ ಮುಂಚೆ, ಹಸಿ ಗಂಜಿಯನ್ನು ಹಾಗೆಯೇ ಕೊಳ್ಳಬಲ್ಲ ಕಾಗದ, ರಟ್ಟು ಅಥವಾ ಬಣ್ಣದ ಕಾರ್ಖಾನೆ ಹತ್ತಿರದಲ್ಲಿ ಯಾವುದಿದೆ ಎಂದು ವಿಚಾರಿಸಿಕೊಳ್ಳಿ.