ಆಕ್ಟಿವೇಟೆಡ್ ಕಾರ್ಬನ್: ಕರಟದ ಇದ್ದಿಲು ಗಾಳಿಯ ವಿಷ ಹಿಡಿಯುವುದು ಹೇಗೆ?

ಏರ್ ಪ್ಯೂರಿಫೈಯರ್ ಬಿಚ್ಚಿ ನೋಡಿದರೆ, ಮಡಿಕೆ ಮಡಿಕೆಯಾದ ಬಿಳಿ ಫಿಲ್ಟರಿನ ಜೊತೆ ಕಪ್ಪು ಕಾಳು ತುಂಬಿದ ಒಂದು ಪದರ ಸಾಮಾನ್ಯವಾಗಿ ಇರುತ್ತದೆ. ಅದೇ ಆಕ್ಟಿವೇಟೆಡ್ ಕಾರ್ಬನ್. ಸಕ್ರಿಯ ಇಂಗಾಲ ಅಂತಲೂ ಬರೆಯುತ್ತಾರೆ. ಇದನ್ನು ಕಲ್ಲಿದ್ದಲಿನಿಂದಲೂ ಮಾಡಬಹುದು. ಆದರೆ ತೆಂಗಿನ ಕರಟ, ಭತ್ತದ ಹೊಟ್ಟು, ಮರದ ಪುಡಿ, ಹಣ್ಣಿನ ಗೊರಟೆ ಹೀಗೆ ನಾವು ಕಸ ಅಂತ ಎಸೆಯುವುದರಿಂದಲೂ ಚೆನ್ನಾಗಿಯೇ ಆಗುತ್ತದೆ.

ಹಾಗಾದರೆ ಸುಮ್ನೆ ಒಲೆಯ ಇದ್ದಿಲು ತಂದಿಟ್ಟರೆ ಸಾಲದೇ? ಸಾಲುವುದಿಲ್ಲ. ಕೆಲಸ ಮಾಡುವುದು ಇದ್ದಿಲಿನ ಒಳಗಿನ ತೂತುಗಳು, ಒಲೆಯ ಇದ್ದಿಲಿನಲ್ಲಿ ಅವು ಕಡಿಮೆ, ಇರುವುದರಲ್ಲೂ ಎಷ್ಟೋ ಡಾಂಬರಿನಂಥ ಅಂಟಿನಿಂದ ಮುಚ್ಚಿಹೋಗಿರುತ್ತವೆ.

ಅವನ್ನು ತೆರೆಯುವುದಕ್ಕೇ ಎರಡನೇ ಸುತ್ತಿನ ಸುಡುವಿಕೆ. ಮೊದಲು ಕರಟವನ್ನು ಗಾಳಿಯಾಡದಂತೆ ಮುಚ್ಚಿ ಸುಡುತ್ತಾರೆ, ಇದ್ದಿಲು ಉಳಿಯುತ್ತದೆ. ಆಮೇಲೆ ಅದನ್ನು ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿಟ್ಟು ನೀರಿನ ಆವಿ ಹಾಯಿಸುತ್ತಾರೆ. ಆ ಬಿಸಿಯಲ್ಲಿ ಆವಿ ಇಂಗಾಲವನ್ನೇ ಸ್ವಲ್ಪ ಸ್ವಲ್ಪ ತಿನ್ನುತ್ತಾ ಒಳಗೆ ದಾರಿ ಕೊರೆಯುತ್ತದೆ, ತಿಂದದ್ದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಆಗಿ ಹೊರಗೆ ಹೋಗುತ್ತದೆ. ಫಾಸ್ಫಾರಿಕ್ ಆಮ್ಲ ಬೆರೆಸಿ ಕಡಿಮೆ ಕಾವಿನಲ್ಲಿ ಮಾಡುವ ಇನ್ನೊಂದು ವಿಧಾನವೂ ಇದೆ.

ಹೀಗೆ ತಯಾರಾದ ಒಂದೇ ಒಂದು ಗ್ರಾಂ ಕಾಳಿನ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಕಾಲು ಎಕರೆ! ತೂತುಗಳಲ್ಲಿ ಬಹುಪಾಲು 2 ನ್ಯಾನೋಮೀಟರಿಗಿಂತ ಕಿರಿದು (ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಅಂದರೆ ಒಂದು ನ್ಯಾನೋಮೀಟರ್). ಪೇಂಟ್, ಪೆಟ್ರೋಲ್ ವಾಸನೆಯಲ್ಲಿರುವ ಬೆಂಜೀನ್, ಟಾಲುಯಿನ್ ಅಣುಗಳು ಅರ್ಧ ನ್ಯಾನೋಮೀಟರಿನ ಆಸುಪಾಸು. ಅಂಥ ಅಣು ಒಳಗೆ ನುಗ್ಗಿದರೆ ಎಲ್ಲಾ ಕಡೆಯ ಗೋಡೆಗಳೂ ಒಟ್ಟಿಗೆ ಎಳೆಯುತ್ತವೆ, ಅದು ಅಲ್ಲೇ ಅಂಟಿ ಕೂರುತ್ತದೆ. ಗಮನಿಸಿ, ಇಲ್ಲಿ ಅದು ನಾಶ ಆಗಿಲ್ಲ, ಸಿಕ್ಕಿಬಿದ್ದಿದೆ ಅಷ್ಟೇ.

ಕರಟಕ್ಕೆ ಇಷ್ಟು ಬೇಡಿಕೆ ಯಾಕೆ ಅಂದರೆ, ಅದು ಗಟ್ಟಿ, ಅದರಿಂದ ಬರುವ ತೂತುಗಳೂ ಬಹಳ ಸಣ್ಣವು, ಅನಿಲ ಹಿಡಿಯಲು ಹೇಳಿ ಮಾಡಿಸಿದ ಹಾಗೆ. ಮೆತ್ತನೆ ಮರದ್ದರಲ್ಲಿ ತೂತು ಸ್ವಲ್ಪ ದೊಡ್ಡದು, ದ್ರವದ ಬಣ್ಣ ತೆಗೆಯಲು ಅದೇ ಮೇಲು. ಭತ್ತದ ಹೊಟ್ಟಿನಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಅಂಶ ಜಾಸ್ತಿ, ಅದನ್ನು ಕ್ಷಾರದಲ್ಲಿ ತೊಳೆದು ತೆಗೆಯಬೇಕು. 1918ರಲ್ಲಿ ಅಮೆರಿಕದಲ್ಲಿ ಪೀಚ್ ಗೊರಟೆಗಳನ್ನು ಜನರಿಂದ ಕೂಡಿಸಿದ್ದರು, ಯುದ್ಧಭೂಮಿಯ ಸೈನಿಕರ ಗ್ಯಾಸ್ ಮಾಸ್ಕಿಗೆ ಹಾಕುವ ಇದ್ದಿಲಿಗಾಗಿ. ಗೊರಟೆಯೊಂದು ಹೀಗೆ ಯಾರದೋ ಉಸಿರು ಕಾಯ್ದದ್ದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಇದರಿಂದ ಏನು ಆಗುವುದಿಲ್ಲ ಅನ್ನುವುದು. ಜಾಹೀರಾತುಗಳು ಇದನ್ನು ಹೇಳುವುದು ಕಡಿಮೆ, ಹಾಗಾಗಿ ಒತ್ತಿ ಹೇಳುತ್ತೇನೆ. ಕೆಂಡ, ಜನರೇಟರ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡನ್ನು ಇದು ಹಿಡಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಅಥವಾ ಜನರೇಟರ್ ಇಟ್ಟು, ಫಿಲ್ಟರ್ ಇದೆಯಲ್ಲ ಅಂತ ಮಲಗಿದರೆ ಜೀವಕ್ಕೇ ಅಪಾಯ. ಧೂಳಿಗೆ ಬೇರೆ ಫಿಲ್ಟರ್ ಬೇಕು, ಆ ಮಡಿಕೆಯ ಹಾಳೆ ಇರುವುದು ಅದಕ್ಕೇ. ಹೊಸ ಪ್ಲೈವುಡ್‌ನಿಂದ ಬರುವ ಫಾರ್ಮಾಲ್ಡಿಹೈಡ್ ತೀರಾ ಚಿಕ್ಕ ಅಣು, ಬರಿ ಕಾರ್ಬನ್ನಿಗೆ ಸರಿಯಾಗಿ ಸಿಗುವುದಿಲ್ಲ. ಅಂಥದಕ್ಕೆ ರಾಸಾಯನಿಕ ಲೇಪಿಸಿದ ಕಾರ್ಬನ್ ಬೇಕು. ಬಯೋಗ್ಯಾಸಿನ ಕೊಳೆತ ಮೊಟ್ಟೆ ವಾಸನೆ, ಅಂದರೆ ಹೈಡ್ರೋಜನ್ ಸಲ್ಫೈಡ್ ತೆಗೆಯಲೂ ಹೀಗೆ ಕ್ಷಾರ ಹಚ್ಚಿದ ಕಾರ್ಬನ್ ಬಳಸುತ್ತಾರೆ.

ಗಾಳಿಯಲ್ಲಿ ತೇವ ಹೆಚ್ಚಿದರೆ ನೀರಿನ ಅಣುಗಳೇ ಜಾಗ ಹಿಡಿದುಬಿಡುತ್ತವೆ. ತೂತುಗಳು ತುಂಬಿದ ಮೇಲಂತೂ ಕೆಲಸ ನಿಂತಂತೆ, ಬಿಸಿ ಏರಿದಾಗ ಹಿಡಿದದ್ದನ್ನೇ ವಾಪಸ್ ಬಿಡಲೂಬಹುದು. ಅದಕ್ಕೇ ಕೊಳ್ಳುವಾಗ ಒಳಗೆ ಎಷ್ಟು ಗ್ರಾಂ ಕಾರ್ಬನ್ ಇದೆ ಅಂತ ಕೇಳಿ. ಸ್ಪಂಜಿನ ಮೇಲೆ ಕಪ್ಪು ಪುಡಿ ಸವರಿದ ತೆಳು ಹಾಳೆ ಬೇಗ ತುಂಬಿಹೋಗುತ್ತದೆ. ವಾಸನೆ ಮತ್ತೆ ಬರತೊಡಗಿದರೆ ಬದಲಿಸುವ ಹೊತ್ತಾಯಿತು ಅಂತ ಅರ್ಥ, ಆದರೆ ಎಲ್ಲಾ ಕೆಟ್ಟ ಅನಿಲಕ್ಕೂ ವಾಸನೆ ಇರುವುದಿಲ್ಲ ಅಲ್ವಾ, ಕಂಪನಿ ಹೇಳಿದ ಅವಧಿಯನ್ನೂ ನೋಡಿಕೊಳ್ಳಿ. ಬಿಸಿಲಿಗೆ ಇಟ್ಟರೆ ತೇವ ಒಂದಿಷ್ಟು ಹೋದೀತು, ಆಳದಲ್ಲಿ ಕೂತದ್ದು ಹೋಗುವುದಿಲ್ಲ. ಅದನ್ನು ಬಿಡಿಸಲು ಕಾರ್ಖಾನೆಯ ಕುಲುಮೆಯೇ ಬೇಕು. ಬಳಸಿದ ಕಾಳನ್ನು ಗಿಡದ ಬುಡಕ್ಕೆ ಮಾತ್ರ ಸುರಿಯಬೇಡಿ, ಗಾಳಿಯಿಂದ ಹಿಡಿದ ವಿಷ ಇನ್ನೂ ಅದರಲ್ಲೇ ಇರುತ್ತದೆ.