ಬೇಕಲ ಕೋಟೆಯ ಪಕ್ಕ ಬಹುಮಹಡಿ ಕಟ್ಟಡ: ಜಗಳಕ್ಕೆ ಮೊದಲು ಅಳತೆ

ಕೇರಳದ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆಯ ಹತ್ತಿರ ದೊಡ್ಡ ಕಟ್ಟಡ ಏಳುತ್ತದೆಂಬ ಸುದ್ದಿ ಬಂದರೆ ಊರು ಎರಡು ಪಾಲಾಗುತ್ತದೆ. ಉದ್ಯೋಗ ಬೇಕೆನ್ನುವವರ ಮಾತೂ ನ್ಯಾಯ, ಕೋಟೆ ಉಳಿಯಲಿ ಎನ್ನುವವರ ಮಾತೂ ನ್ಯಾಯ. ಆದರೆ ಜಾಗ ಎಷ್ಟು ಮೀಟರ್ ದೂರದಲ್ಲಿದೆಯೆಂದು ತಿಳಿಯದೆ ಎರಡಕ್ಕೂ ನೆಲೆಯಿಲ್ಲ.

17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಈ ಮುರಕಲ್ಲಿನ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಹಾಗಾಗಿ 2010ರಲ್ಲಿ ತಿದ್ದುಪಡಿಯಾದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇಲ್ಲಿ ನಡೆಯುತ್ತದೆ. ಇದೇ ಜಿಲ್ಲೆಯ ಚಂದ್ರಗಿರಿ ಕೋಟೆ ರಾಜ್ಯ ಪುರಾತತ್ವ ಇಲಾಖೆಯದ್ದು. ಕೆಳಗಿನ ಲೆಕ್ಕವನ್ನು ಅಲ್ಲಿಗೆ ಒಯ್ಯಬೇಡಿ.

ಮೊದಲ 100 ಮೀಟರ್ ನಿಷೇಧಿತ ಪ್ರದೇಶ: ಹೊಸ ಕಟ್ಟಡ ಕೂಡದು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ: ಅನುಮತಿ ಪಡೆದು ಕಟ್ಟಬಹುದು. ಹೆಚ್ಚಿನವರು ತಪ್ಪುವುದು ಎಲ್ಲಿಂದ ಅಳೆಯಬೇಕೆಂಬಲ್ಲಿ. ಕೋಟೆಯ ಬಾಗಿಲಿನಿಂದಲ್ಲ, ಬುರುಜಿನಿಂದಲೂ ಅಲ್ಲ. ಸಂರಕ್ಷಿತ ಜಾಗದ ಗಡಿರೇಖೆಯಿಂದ. ಗೋಡೆಯಿಂದ 130 ಮೀಟರ್ ಇರುವ ಹಿತ್ತಲು ಗಡಿಯಿಂದ 90 ಮೀಟರ್ ಮಾತ್ರ ಇರಬಹುದು. ಒಂದೇ ಜಾಗದ ಅರ್ಧ ಒಳಗೆ, ಅರ್ಧ ಹೊರಗೆ ಬೀಳುವುದೂ ಉಂಟು. ಆದ್ದರಿಂದ ಸರ್ವೆ ನಂಬರ್ ಹಿಡಿದು ನಕ್ಷೆಯಲ್ಲೇ ಗುರುತಿಸಿ.

ಎತ್ತರದ ಲೆಕ್ಕವೂ ಹಾಗೆಯೇ. ಮಹಡಿಗೆ 3 ಮೀಟರಿನಂತೆ 7 ಮಹಡಿಗೆ 21 ಎಂದು ಬರೆದುಕೊಟ್ಟರೆ ಸಾಲದು. ತಾರಸಿಯ ಕಟ್ಟೆ, ಮೆಟ್ಟಿಲ ಕೋಣೆ, ನೀರಿನ ಟ್ಯಾಂಕ್ ಸೇರಿ ಎಷ್ಟಾಗುತ್ತದೆಂದು ಕೇಳಿ. ಕಡಲ ಕಡೆಯ ನೋಟ ಮುಚ್ಚುವುದು ಆ ಒಟ್ಟು ಎತ್ತರವೇ.

ಅರ್ಜಿ ಸಕ್ಷಮ ಪ್ರಾಧಿಕಾರಿಗೆ, ಅಂದರೆ ಈ ಕಾಯ್ದೆಯಡಿ ಅನುಮತಿ ಕೊಡುವ ಅಧಿಕಾರಿಗೆ, ಹೋಗಬೇಕು. ಅವರು 15 ದಿನದೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ ಅಭಿಪ್ರಾಯ ಬರಲು 2 ತಿಂಗಳು, ಆಮೇಲೆ ತೀರ್ಮಾನಕ್ಕೆ 1 ತಿಂಗಳು. ಪಂಚಾಯತಿನ ಪರವಾನಗಿ ಇದಕ್ಕೆ ಬದಲಾಗದು. ಭರತರೇಖೆಯಿಂದ (ಕಡಲಿನ ಉಬ್ಬರದ ನೀರು ಮುಟ್ಟುವ ಗೆರೆ) 500 ಮೀಟರಿನೊಳಗಾದರೆ ಕರಾವಳಿ ನಿಯಂತ್ರಣ ವಲಯದ ನಿಯಮವನ್ನೂ ನೋಡಬೇಕು. ಅನುಮತಿಯಿಲ್ಲದೆ ಕಟ್ಟಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈ ಬಗ್ಗೆ ಊರಿನ ಸಭೆ ಸೇರಿದರೆ, ಹಳೆ ಮನೆಯವರ ಭಯಕ್ಕೆ ಉತ್ತರ ಕೊಡದೆ ಅದನ್ನು ಮುಗಿಸಬಾರದು. 1992ರ ಜೂನ್ 16ಕ್ಕಿಂತ ಮೊದಲಿನ ಮನೆ ನಿಷೇಧಿತ ಪ್ರದೇಶದಲ್ಲಿದ್ದರೂ ದುರಸ್ತಿಗೆ ಅರ್ಜಿ ಹಾಕಬಹುದು. ಹಂಚು ಬದಲಿಸುವುದು ದುರಸ್ತಿ. ಮೇಲೊಂದು ಮಹಡಿ ಏರಿಸುವುದು ಕಾಯ್ದೆಯ ಪ್ರಕಾರ ಹೊಸ ನಿರ್ಮಾಣ.

ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆ ರಾಜ್ಯ ಸರಕಾರದ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಿರಿ. ಉತ್ತರವೂ ಕನ್ನಡದಲ್ಲೇ ಬರಬೇಕು. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ಕೊಟ್ಟ ಹಕ್ಕದು. ಪುರಾತತ್ವ ಇಲಾಖೆ ಕೇಂದ್ರದ್ದಾದ್ದರಿಂದ ಅಲ್ಲಿಗೆ ಇಂಗ್ಲಿಷಿನ ಪ್ರತಿಯೊಂದನ್ನು ಜತೆಗಿಡಿ.